ಸೈಕಲ್ ಚಿತ್ರ ಇರುವ ಪಾರ್ಕಿಂಗ್ ಲಾಟ್

ಬೆಂಗಳೂರಿನಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಹೇಳುವ ಸುಳ್ಳು ಯಾವುದು? 'ಹೊರಟಿದೀನಿ ಮಗಾ, ಸಿಗ್ನಲ್ ಹತ್ರ ಇದೀನಿ' ಅಂತ ನೀವು ಅಂದುಕೊಂಡಿದ್ದರೆ, ಅದಕ್ಕೆ ಎರಡನೇ ಬಹುಮಾನ. ಮೊದಲ ಬಹುಮಾನ 'ಎರಡೇ ನಿಮಿಷ ಸಾರ್, ಬಂದೆ' ಅನ್ನುವುದಕ್ಕೆ.

ಈ ಎರಡು ನಿಮಿಷದ ಮಹಿಮೆ ನೋಡಬೇಕಾದರೆ ಊರಿನಲ್ಲಿ ಅಲ್ಲಲ್ಲಿ ಉಳಿದಿರುವ ಸೈಕಲ್ ಲೇನ್‌ಗಳ ಹತ್ತಿರ ಸಂಜೆ ಆರೂವರೆಗೆ ಹೋಗಿ ನಿಂತುಕೊಳ್ಳಿ. ಬೇಕರಿ ಮುಂದೆ ಒಂದು ಕಾರು. ನಾಲ್ಕೂ ಇಂಡಿಕೇಟರ್ ಪಕ್‌ಪಕ್ ಅಂತಿವೆ. ಇಂಡಿಕೇಟರ್ ಹಾಕಿದರೆ ತಪ್ಪು ಅರ್ಧ ಮಾಫಿ ಅಂತ ನಮ್ಮೂರಿನ ನಂಬಿಕೆ. ಮೆಡಿಕಲ್ ಶಾಪ್ ಮುಂದೆ ಇನ್ನೊಂದು. ಎಟಿಎಂ ಮುಂದೆ ಮತ್ತೊಂದು. ಎಲ್ಲರಿಗೂ ಎರಡೇ ನಿಮಿಷದ ಕೆಲಸ. ಅವರು ಸುಳ್ಳು ಹೇಳುತ್ತಿಲ್ಲ ಅಂತಲೇ ಇಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ ಮೂವತ್ತು ಜನ ಆ ಬೇಕರಿಗೆ ಬಂದು, ಒಬ್ಬರಾದ ಮೇಲೆ ಒಬ್ಬರು ಸರಿಯಾಗಿ ಎರಡೆರಡು ನಿಮಿಷ ನಿಲ್ಲಿಸಿ ಹೋದರೆ ಒಟ್ಟು ಎಷ್ಟಾಯಿತು? ಅರವತ್ತು ನಿಮಿಷ. ಅಂದರೆ ಪ್ರತಿಯೊಬ್ಬನೂ ಪ್ರಾಮಾಣಿಕ, ಆದರೆ ಸೈಕಲ್ ಲೇನ್ ಇಡೀ ಗಂಟೆ ಬಂದ್. ಸೈಕಲ್ ಹೊಡೆಯುವವನ ಪಾಲಿಗೆ ಅಲ್ಲಿ ಒಂದೇ ಕಾರು ಪರ್ಮನೆಂಟಾಗಿ ನಿಂತಿದೆ, ಬಣ್ಣ ಮಾತ್ರ ಬದಲಾಗುತ್ತಿದೆ.

'ಅಯ್ಯೋ, ಒಂಚೂರು ಪಕ್ಕಕ್ಕೆ ಸರಿದು ಹೋದ್ರೆ ಆಯ್ತಪ್ಪ, ಸೈಕಲ್ ತಾನೇ' ಅನ್ನುವವರಿದ್ದಾರೆ. ಆ ಒಂಚೂರು ಸರಿಯುವುದು ಅಂದರೆ ಏನು ಅಂತ ಲೆಕ್ಕ ಹಾಕೋಣ. ಮಾಮೂಲಿ ಸೈಕಲ್ ಹೋಗುವುದು ಗಂಟೆಗೆ 15 ಕಿ.ಮೀ. ವೇಗದಲ್ಲಿ. ಹಿಂದಿನಿಂದ ಬರುವ ಟೆಂಪೋ 40ರಲ್ಲಿದೆ. ಇಬ್ಬರ ನಡುವಿನ ವ್ಯತ್ಯಾಸ 25, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಏಳು ಮೀಟರ್. ಟೆಂಪೋ 35 ಮೀಟರ್ ಹಿಂದೆ ಇದ್ದರೆ ಸೈಕಲ್‌ನವನ ಕೈಯಲ್ಲಿರುವುದು ಐದು ಸೆಕೆಂಡ್. ಆ ಐದು ಸೆಕೆಂಡಿನಲ್ಲಿ ಅವನು ಕತ್ತು ತಿರುಗಿಸಿ ಹಿಂದೆ ನೋಡಬೇಕು, ಬಲಗೈ ತೋರಿಸಬೇಕು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಗುಂಡಿ ತಪ್ಪಿಸಬೇಕು, ನಿಂತ ಕಾರಿನ ಬಾಗಿಲು ದಡಾರನೆ ತೆರೆದರೆ ಅದನ್ನೂ ತಪ್ಪಿಸಬೇಕು. ಸೈಕಲ್‌ಗೆ ಕನ್ನಡಿ ಇಲ್ಲ, ಏರ್‌ಬ್ಯಾಗ್ ಇಲ್ಲ. ಟೆಂಪೋದವನಿಗೂ ಕನಸು ಬಿದ್ದಿರುವುದಿಲ್ಲ. ಪಕ್ಕದ ಲೇನ್‌ನಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಸೈಕಲ್ ಇದ್ದಕ್ಕಿದ್ದಂತೆ ತನ್ನ ಬಂಪರ್ ಮುಂದೆ ಬರುತ್ತದೆ ಅಂತ ಅವನು ಅಂದುಕೊಂಡಿರುವುದೇ ಇಲ್ಲ. ಹೀಗೆ ಒಂದು ಸಲ ಆದರೆ ಸರಿ. ಒಂದು ಕಿಲೋಮೀಟರ್‌ನಲ್ಲಿ ಹತ್ತು ಸಲ?

ಹಾಗಾಗಿ ತಡೆ ಇರುವ ಸೈಕಲ್ ಲೇನ್ ಲೇನೇ ಇಲ್ಲದ ರಸ್ತೆಗಿಂತ ಅಪಾಯ ಅಂತ ನಾನು ವಾದ ಮಾಡುತ್ತೇನೆ. ಲೇನ್ ಇಲ್ಲದಿದ್ದರೆ ಸೈಕಲ್ ಮೊದಲಿಂದಲೂ ಎಲ್ಲರ ಕಣ್ಣೆದುರೇ ಹೋಗುತ್ತಿರುತ್ತದೆ. ಅರೆಬರೆ ಲೇನ್ ಅವನನ್ನು ಒಳಗೆ ಕರೆದು, ಪ್ರತಿ ನೂರು ಮೀಟರಿಗೆ ಒಮ್ಮೆ ಕತ್ತು ಹಿಡಿದು ಟ್ರಾಫಿಕ್‌ಗೆ ದಬ್ಬುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಸೈಕಲ್ ಸವಾರರೇ 4,800ಕ್ಕೂ ಹೆಚ್ಚು. ಅವರೆಲ್ಲ ಸತ್ತಿದ್ದು ಅಡ್ಡ ನಿಂತ ಕಾರಿನಿಂದ ಅಂತ ನಾನು ಹೇಳುತ್ತಿಲ್ಲ. ಇಂಥ ದೇಶದಲ್ಲಿ ಸೈಕಲ್‌ನವನನ್ನು ಟ್ರಾಫಿಕ್‌ ಮಧ್ಯಕ್ಕೆ ದಬ್ಬುವ ಕೆಲಸವನ್ನು 'ಎರಡೇ ನಿಮಿಷ' ಅಂತ ಕರೆಯಬೇಡಿ ಅಂತಿದೀನಿ.

ಕಾರನ್ನು ಮಾತ್ರ ಬೈದರೆ ತಪ್ಪಾಗುತ್ತದೆ. ನಮ್ಮ ಸೈಕಲ್ ಲೇನ್‌ನಲ್ಲಿ ಏನೆಲ್ಲ ಸಿಗುತ್ತದೆ ಅನ್ನುವುದಕ್ಕೆ ಒಂದು ಪಟ್ಟಿ ಕೊಡಬಹುದು. ಮನೆ ಕಟ್ಟುವವರ ಜಲ್ಲಿ ಮತ್ತು ಎಂ-ಸ್ಯಾಂಡ್. ಮನೆ ಕೆಡವಿದವರ ಇಟ್ಟಿಗೆ ಚೂರು. ಕೇಬಲ್ ಹಾಕಲು ಅಗೆದು, ಮಣ್ಣು ಮುಚ್ಚಿ, ಉಬ್ಬಿಸಿ ಬಿಟ್ಟುಹೋದ ಗುಂಡಿ. ಕಳೆದ ಮಳೆಗೆ ಬಿದ್ದ ಕೊಂಬೆ, ಈ ಮಳೆವರೆಗೂ ಅಲ್ಲೇ. ಕೆಟ್ಟು ನಿಂತು, ನಾಲ್ಕೂ ಟೈರ್ ಕೂತುಹೋಗಿ, ಒಳಗೆ ಬೆಕ್ಕು ಸಂಸಾರ ಹೂಡಿರುವ ಹಳೇ ಓಮ್ನಿ. ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್‌ಗೆ ನೆಟ್ಟ ಗಳ. ಗಣೇಶನ ಪೆಂಡಾಲ್. ಟ್ರಾನ್ಸ್‌ಫಾರ್ಮರ್. ಬೇಕಾದಾಗ ಇರಲಿ ಅಂತ ಒಂದರ ಮೇಲೊಂದು ಒರಗಿಸಿಟ್ಟ ಬ್ಯಾರಿಕೇಡ್‌ಗಳು. ಎಲ್ಲಕ್ಕಿಂತ ಮಜಾ ಅಂದರೆ 'ಇಲ್ಲಿ ವಾಹನ ನಿಲ್ಲಿಸಬೇಡಿ' ಅನ್ನುವ ಕಬ್ಬಿಣದ ಬೋರ್ಡು, ಅದೂ ಲೇನಿನ ನಟ್ಟನಡುವೆ.

ಇದು ಇವತ್ತಿನ ಕಥೆಯೂ ಅಲ್ಲ. ಹತ್ತು-ಹನ್ನೆರಡು ವರ್ಷಗಳ ಹಿಂದೆ ಜಯನಗರದಲ್ಲಿ ಸೈಕಲ್ ಲೇನ್ ಮಾಡಿದರು. ಅಗಲ ರಸ್ತೆ, ಮರದ ನೆರಳು, ಶಾಲೆ ಕಾಲೇಜು, ಪಾರ್ಕು. ಸೈಕಲ್‌ಗೆ ಇದಕ್ಕಿಂತ ಒಳ್ಳೇ ಬಡಾವಣೆ ಬೆಂಗಳೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಬಣ್ಣ ಬಳಿದರು, ಸೈಕಲ್ ಚಿತ್ರ ಬಿಡಿಸಿದರು, ಬೋರ್ಡ್ ಹಾಕಿದರು. ಆಮೇಲೆ ಕಾರುಗಳು ಬಂದು ಅಚ್ಚುಕಟ್ಟಾಗಿ ಆ ಚಿತ್ರದ ಮೇಲೆ ನಿಂತವು. ಗೆರೆಯೊಳಗೇ ನಿಂತವು ಪಾಪ, ಶಿಸ್ತಿನಿಂದ! ಜಯನಗರದವರಿಗೆ ಕಾರ್ಪೊರೇಷನ್ ದುಡ್ಡಿನಲ್ಲಿ ಗುರುತು ಹಾಕಿದ ಪಾರ್ಕಿಂಗ್ ಸಿಕ್ಕಿತು.

ಆಮೇಲೆ 2020. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ನಗರಗಳ ನಡುವೆ ಸೈಕಲ್ ಸ್ಪರ್ಧೆಯೊಂದನ್ನು ಇಟ್ಟಿತು. ಔಟರ್ ರಿಂಗ್ ರೋಡಿನಲ್ಲಿ ಗೂಟ ನೆಟ್ಟು ತಾತ್ಕಾಲಿಕ ಸೈಕಲ್ ಲೇನ್ ಮಾಡಿದರು. ಮಾರನೇ ವರ್ಷ ಪ್ರಶಸ್ತಿ ಪಡೆದ ಹನ್ನೊಂದು ನಗರಗಳಲ್ಲಿ ಬೆಂಗಳೂರೂ ಒಂದು. ಪ್ರಶಸ್ತಿ ಬಂತು, ಲೇನ್ ಹೋಯಿತು. ಗೂಟಗಳು ಮುರಿದವು, ಕೆಲವು ಕಾಣೆಯಾದವು, ಬೈಕ್‌ಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಶುರುವಾಗಿ ಉಳಿದಿದ್ದೂ ಮಾಯ. ಮೆಟ್ರೊ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಕಾಮಗಾರಿಗೆ ಜಾಗ ಬೇಕಾದಾಗ ಕಾರಿನ ಲೇನ್‌ಗೆ ಬದಲಿ ವ್ಯವಸ್ಥೆ ಮಾಡುತ್ತಾರೆ, ಸೈಕಲ್ ಲೇನ್‌ಗೆ ಕೈಮುಗಿಯುತ್ತಾರೆ.

ಇಷ್ಟಾದ ಮೇಲೆ ನಮ್ಮ ಆಫೀಸ್ ಕ್ಯಾಂಟೀನ್‌ಗಳಲ್ಲಿ ಒಂದು ಮಾತು ಬರುತ್ತದೆ. ನೀವೂ ಹೇಳಿರುತ್ತೀರಿ. 'ನಮ್ ಜನಕ್ಕೆ ಸಿವಿಕ್ ಸೆನ್ಸೇ ಇಲ್ಲ ಗುರು. ಫಾರಿನ್‌ನಲ್ಲಿ ನೋಡಬೇಕು ನೀನು.'

ಸರಿ, ಫಾರಿನ್‌ನಲ್ಲೇ ನೋಡೋಣ. 2011ರಲ್ಲಿ ನ್ಯೂಯಾರ್ಕ್‌ನಲ್ಲಿ ಕೇಸಿ ನೈಸ್ಟಾಟ್ ಅನ್ನುವ ಸಿನಿಮಾ ನಿರ್ದೇಶಕನಿಗೆ ಪೊಲೀಸರು 50 ಡಾಲರ್ ದಂಡ ಹಾಕಿದರು. ತಪ್ಪೇನು? ಸೈಕಲ್ ಲೇನ್ ಬಿಟ್ಟು ಹೊರಗೆ ಸೈಕಲ್ ಓಡಿಸಿದ್ದು. ಅವನು ಸಿಟ್ಟಿನಿಂದ ಒಂದು ವಿಡಿಯೊ ಮಾಡಿದ. ಲೇನ್ ಬಿಡಲೇಬಾರದು ಅಂತ ತಾನೇ ಹೇಳಿದ್ದು ಅಂತ, ಲೇನಿನೊಳಗೇ ಸೈಕಲ್ ಹೊಡೆದುಕೊಂಡು ಹೋಗಿ ಅಡ್ಡ ಸಿಕ್ಕಿದ್ದಕ್ಕೆಲ್ಲ ಬೇಕಂತಲೇ ಗುದ್ದಿಕೊಂಡು ಬೀಳುತ್ತಾನೆ. ವ್ಯಾನು, ಟ್ಯಾಕ್ಸಿ, ಕಾಮಗಾರಿಯ ಸಾಮಾನು, ಕೊನೆಗೆ ಒಂದು ಪೊಲೀಸ್ ಕಾರು. ಅದೇ ವರ್ಷ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ಮೇಯರ್ ಅರ್ಟುರಾಸ್ ಜುವೊಕಾಸ್, ಸೈಕಲ್ ಲೇನ್‌ನಲ್ಲಿ ನಿಂತಿದ್ದ ಮರ್ಸಿಡಿಸ್ ಕಾರಿನ ಮೇಲೆ ಸೈನ್ಯದ ಶಸ್ತ್ರಸಜ್ಜಿತ ವಾಹನವನ್ನೇ ಹತ್ತಿಸಿ ಅಪ್ಪಚ್ಚಿ ಮಾಡಿದ. ಪ್ರಚಾರಕ್ಕೆಂದೇ ಮಾಡಿದ ವಿಡಿಯೊ ಅದು. ಆದರೂ ಆ ವರ್ಷದ ಇಗ್ನೊಬೆಲ್ ಶಾಂತಿ ಪ್ರಶಸ್ತಿ ಅವನಿಗೇ ಹೋಯಿತು.

ಅಂದರೆ ಏನರ್ಥ? ಖಾಲಿ ಜಾಗ ಕಂಡರೆ ಕಾರು ನಿಲ್ಲಿಸುವುದು ಕನ್ನಡಿಗರ ರಕ್ತದಲ್ಲೂ ಇಲ್ಲ, ಭಾರತೀಯರ ರಕ್ತದಲ್ಲೂ ಇಲ್ಲ. ಕಾರಿನ ಸ್ಟೇರಿಂಗ್ ಹಿಡಿದ ಮನುಷ್ಯ ಎಲ್ಲ ಕಡೆ ಒಂದೇ. ನಮ್ಮ ಜೊತೆ ಕೆಲಸ ಮಾಡುವ ಹುಡುಗ ಎರಡು ವರ್ಷಕ್ಕೆ ಆನ್‌ಸೈಟ್ ಅಂತ ನೆದರ್ಲ್ಯಾಂಡ್ಸ್‌ಗೆ ಹೋದರೆ ಅಲ್ಲಿ ದೇವರಂಥ ಡ್ರೈವರ್. ವಾಪಸ್ ಬಂದು ಒಂದು ವಾರಕ್ಕೆ ದರ್ಶಿನಿ ಮುಂದೆ ಅಡ್ಡ ನಿಲ್ಲಿಸಿ ಕಾಫಿ ಕುಡಿಯುತ್ತಿರುತ್ತಾನೆ. ವಿಮಾನದಲ್ಲಿ ಅವನ ಸಂಸ್ಕಾರ ಕಳೆದುಹೋಯಿತಾ? ಇಲ್ಲ. ಅಲ್ಲಿ ಎತ್ತರದ ಕಲ್ಲಿನ ಅಂಚು ಇತ್ತು, ನಿಲ್ಲಿಸಿದರೆ ದಂಡ ಬೀಳುತ್ತಿತ್ತು. ಇಲ್ಲಿ ಎರಡೂ ಇಲ್ಲ. ಅದೇ ಹುಡುಗ ನಮ್ಮದೇ ಏರ್‌ಪೋರ್ಟಿನಲ್ಲಿ ಡ್ರಾಪ್ ಮಾಡುವಾಗ ಅಪ್ಪ-ಅಮ್ಮನಿಗೆ ಕಾರಿನೊಳಗೇ ಟಾಟಾ ಮಾಡಿ, ಸೂಟ್‌ಕೇಸ್ ಇಳಿಸಿ ಓಡುತ್ತಾನೆ. ಯಾಕಂದರೆ ಅಲ್ಲಿ ಸೀಟಿ ಊದುವವನು ನಿಂತಿದ್ದಾನೆ. ಸಿವಿಕ್ ಸೆನ್ಸ್ ಅನ್ನುವ ಮಾತು ಆಡಳಿತಕ್ಕೆ ತುಂಬ ಅನುಕೂಲ. ತಪ್ಪೆಲ್ಲ ಜನರ ತಲೆಗೆ ಕಟ್ಟಿ, ಜಾಗೃತಿ ಅಭಿಯಾನ ಅಂತ ಟೀಶರ್ಟ್ ಹಂಚಿ, ಭಾನುವಾರ ಬೆಳಿಗ್ಗೆ ಸೈಕಲ್ ಜಾಥಾ ಮಾಡಿ ಮನೆಗೆ ಹೋಗಬಹುದು. ಒಂದು ಕಲ್ಲನ್ನೂ ನೆಡಬೇಕಾಗಿಲ್ಲ.

ನೆದರ್ಲ್ಯಾಂಡ್ಸ್‌ನವರು ಹುಟ್ಟುತ್ತಲೇ ಒಳ್ಳೆಯವರಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಆಗ ಅಪ್ಪಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬೀದಿಗೆ ಇಳಿದರು. ಅವರು ಕೇಳಿದ್ದು ಡ್ರೈವರ್‌ಗಳಿಗೆ ಬುದ್ಧಿ ಹೇಳಿ ಅಂತಲ್ಲ, ರಸ್ತೆ ಬದಲಾಯಿಸಿ ಅಂತ. ಆಮ್‌ಸ್ಟರ್‌ಡ್ಯಾಮ್‌ನ ಫುಟ್‌ಪಾತ್‌ಗಳ ಅಂಚಿನಲ್ಲಿ ಮೂರು ಅಡ್ಡಗುರುತು ಇರುವ ಕಂದು ಬಣ್ಣದ ಕಬ್ಬಿಣದ ಗೂಟಗಳನ್ನು ಪ್ರವಾಸಿಗಳು ಫೋಟೊ ತೆಗೆಯುತ್ತಾರಲ್ಲ, ಅವು ಅಂದಚಂದಕ್ಕೆ ನೆಟ್ಟಿದ್ದಲ್ಲ. ಕಾರಿನವರು ಫುಟ್‌ಪಾತ್ ಹತ್ತಿಸದಿರಲಿ ಅಂತ ನೆಟ್ಟಿದ್ದು. ಡಚ್ಚರ ಸಿವಿಕ್ ಸೆನ್ಸ್ ಕಬ್ಬಿಣದ್ದು ಸ್ವಾಮಿ.

ಮುಂದಿನ ಪ್ರಶ್ನೆ, ಎಲ್ಲ ಚರ್ಚೆಯಲ್ಲೂ ಬರುವುದು: 'ಆದ್ರೆ ಸೈಕಲ್ ಹೊಡಿಯೋರು ಯಾರಿದಾರೆ ಇವರೇ? ಲೇನ್ ಖಾಲಿ ಬಿದ್ದಿರುತ್ತೆ.'

ಈ ಪ್ರಶ್ನೆ ಕೇಳುವವರ ಕಣ್ಣಿಗೆ ಸೈಕಲ್ ಅಂದರೆ ಭಾನುವಾರ ನಸುಕಿನಲ್ಲಿ ಮೈಗಂಟಿದ ಜೆರ್ಸಿ ಹಾಕಿಕೊಂಡು ನಂದಿ ಬೆಟ್ಟಕ್ಕೆ ಹೋಗುವವರು ಮಾತ್ರ. ಅವರ ಬಗ್ಗೆ ಗೌರವ ಇದೆ, ಆದರೆ ಈ ಲೇಖನ ಅವರ ಬಗ್ಗೆ ಅಲ್ಲ. ರಾತ್ರಿ ಪಾಳಿ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಹೋಗುವ ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ನಿಮಗೆ ಎಚ್ಚರ ಆಗುವ ಮುಂಚೆ ಪೇಪರ್ ಹಾಕಿ ಹೋಗುವ ಹುಡುಗ, ಹ್ಯಾಂಡಲ್‌ಗೆ ಟಿಫನ್ ಡಬ್ಬಿ ನೇತುಹಾಕಿಕೊಂಡು ಸೈಟಿಗೆ ಹೋಗುವ ಗಾರೆ ಕೆಲಸದವರು, ಕ್ಯಾರಿಯರ್‌ನಲ್ಲಿ ಫ್ಲಾಸ್ಕ್ ಕಟ್ಟಿ ಟೀ ಮಾರುವವರು. ಇವರು ಫಿಟ್‌ನೆಸ್‌ಗೆ ಸೈಕಲ್ ಹೊಡೆಯುತ್ತಿಲ್ಲ. 2011ರ ಜನಗಣತಿಯಲ್ಲಿ ದೇಶದ ನೂರರಲ್ಲಿ ಹತ್ತಿರ ಹತ್ತಿರ 45 ಮನೆಗಳಲ್ಲಿ ಸೈಕಲ್ ಇತ್ತು. ಕಾರು ಇದ್ದಿದ್ದು ಐದಕ್ಕಿಂತ ಕಡಿಮೆ ಮನೆಗಳಲ್ಲಿ. ನಮ್ಮ ರಾಜ್ಯ ಸರ್ಕಾರವೇ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ತಂದಿತು. ಊರೂರಲ್ಲಿ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್‌ನಲ್ಲಿ ಹೈಸ್ಕೂಲಿಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗೆ ಸೈಕಲ್ ಕಲಿತು ಓದಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಇಲ್ಲಿ ಸೈಕಲ್ ಯಾಕೆ ಹತ್ತುವುದಿಲ್ಲ? ಆಸೆ ಸತ್ತಿದ್ದಕ್ಕಲ್ಲ, ಪ್ರಾಣಭಯಕ್ಕೆ.

ಬಸ್ಸು ಬಿಡದ ಊರಿನ ಬಸ್ ಸ್ಟಾಪಿಗೆ ಹೋಗಿ 'ನೋಡಿ, ಇಲ್ಲಿ ಜನಾನೇ ಇಲ್ಲ, ಬಸ್ ಯಾಕೆ ಬೇಕು' ಅಂದ ಹಾಗಾಯಿತು ಇದು. ಹೋಗಿ ಮುಟ್ಟುವ ಗ್ಯಾರಂಟಿ ಇಲ್ಲದ ಲೇನ್‌ಗೆ ಯಾರು ಬರುತ್ತಾರೆ? ಸ್ಪೇನಿನ ಸೆವಿಲ್ ನಗರದ ಉದಾಹರಣೆ ನೋಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಹಾಗಾಗಿ 'ನಮ್ಮ ಬಿಸಿಲಿಗೆ ಆಗಲ್ಲ' ಅನ್ನುವ ನೆಪ ಅಲ್ಲೇ ಮುಗಿಯಿತು. 2007ರ ಆಸುಪಾಸಿನಲ್ಲಿ ಅವರು ಒಂದೇ ಏಟಿಗೆ ಸುಮಾರು 80 ಕಿ.ಮೀ. ಸೈಕಲ್ ದಾರಿ ಮಾಡಿದರು. ಬರೀ ಬಣ್ಣ ಬಳಿಯಲಿಲ್ಲ, ಅಂಚು ಕಟ್ಟಿ ಬೇರ್ಪಡಿಸಿದರು. ಒಂದು ರಸ್ತೆಯ ದಾರಿ ಇನ್ನೊಂದಕ್ಕೆ ಕೂಡುವಂತೆ ಮಾಡಿದರು. ಅದಕ್ಕಾಗಿ ಸುಮಾರು 5,000 ಕಾರು ನಿಲ್ಲಿಸುವ ಜಾಗ ತೆಗೆದರು. ಮೊದಲು ನೂರು ಓಡಾಟದಲ್ಲಿ ಒಂದೂ ಸೈಕಲ್‌ನಲ್ಲಿ ಆಗದಿದ್ದ ಊರಿನಲ್ಲಿ ಕೆಲವೇ ವರ್ಷಕ್ಕೆ ಅದು ಆರರ ಸುತ್ತಮುತ್ತ ಬಂತು. ಅಲ್ಲಿನ ಜನ ಬದಲಾಗಲಿಲ್ಲ, ಅದೇ ಜನ. ದಾರಿ ಬದಲಾಯಿತು.

ಇನ್ನು ಕೆಲವರಿಗೆ ಬಡವರ ನೆನಪು ಈ ಹೊತ್ತಿಗೇ ಆಗುತ್ತದೆ. 'ಕಾರ್ ಬಿಡಿ, ತಳ್ಳುಗಾಡಿಯವರು ಸೈಕಲ್ ಲೇನ್‌ನಲ್ಲಿ ನಿಲ್ಲಲ್ವಾ? ಅವರಿಗೆ ಹೇಳಿ ಮೊದಲು.' ನಿಲ್ಲುತ್ತಾರೆ, ನಿಜ. ಸೊಪ್ಪಿನ ಗಾಡಿಯೂ ಅಡ್ಡವೇ, ಸೈಕಲ್‌ನವನಿಗೆ ಎರಡೂ ಒಂದೇ. ಆದರೆ ತೆರವು ಕಾರ್ಯಾಚರಣೆ ಅಂತ ಬಂದಾಗ ಲಾರಿ ಏರುವುದು ಯಾವುದು ಅಂತ ಗಮನಿಸಿ. ಸೊಪ್ಪಿನ ಗಾಡಿ ಏರುತ್ತದೆ, ಅದರ ಪಕ್ಕದಲ್ಲೇ ನಿಂತ ಎಸ್‌ಯುವಿ ಮಾತ್ರ ನಿಂತೇ ಇರುತ್ತದೆ. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾಯ್ದೆಯೇ ಹೇಳುತ್ತದೆ. ಜಾಗ ಎಲ್ಲಿಂದ ತರುವುದು ಅಂತ ಕೇಳುತ್ತೀರಾ? ಸರಾಸರಿ ಸಣ್ಣ ಕಾರು ಹದಿಮೂರಡಿ ಉದ್ದ, ಆರಡಿಯ ಹತ್ತಿರ ಅಗಲ. ಅಂಥ ಒಂದು ಕಾರಿನ ಜಾಗದಲ್ಲಿ ಎರಡು ತಳ್ಳುಗಾಡಿ ಆರಾಮಾಗಿ ನಿಲ್ಲುತ್ತವೆ, ಎರಡು ಮನೆ ನಡೆಯುತ್ತದೆ. ಆ ಕಾರಿನಿಂದ ನಡೆಯುವುದು ಒಬ್ಬರ ಸೋಮಾರಿತನ.

'ಹಾಗಾದ್ರೆ ನಾವು ಕಾರು ಎಲ್ಲಿ ನಿಲ್ಲಿಸೋದು?' ಈ ಪ್ರಶ್ನೆಯನ್ನು ಜನ ಎಷ್ಟು ನೊಂದು ಕೇಳುತ್ತಾರೆ ಅಂದರೆ, ಉತ್ತರ ಕೊಡುವ ಜವಾಬ್ದಾರಿ ಸರ್ಕಾರದ್ದೇ ಅಂತ ಅನ್ನಿಸಿಬಿಡುತ್ತದೆ. ಒಂದು ಮಂಚ ಕೊಂಡರೆ ಅದನ್ನು ಹಾಕುವ ಜಾಗ ಮನೆಯಲ್ಲಿದೆಯಾ ಅಂತ ನೋಡಿ ಕೊಳ್ಳುತ್ತೀರಿ. ಫ್ರಿಜ್ ಕೊಳ್ಳುವ ಮುಂಚೆ ಅಡುಗೆಮನೆ ಅಳತೆ ಮಾಡುತ್ತೀರಿ. ಹತ್ತು ಹದಿನೈದು ಲಕ್ಷದ ಕಾರಿಗೆ ಮಾತ್ರ ಅಳತೆ ಬೇಡ, ರಸ್ತೆ ಇದೆಯಲ್ಲ! ಹದಿಮೂರಕ್ಕೆ ಆರಡಿ ಅಂದರೆ ಎಂಬತ್ತು ಚದರಡಿಗೆ ಹತ್ತಿರ. ಅಷ್ಟೇ ಅಳತೆಯ ಪಿ.ಜಿ. ರೂಮಿಗೆ ನೀವು ಈ ಊರಿಗೆ ಬಂದ ಹೊಸತರಲ್ಲಿ ತಿಂಗಳಿಗೆ ಎಷ್ಟು ಬಾಡಿಗೆ ಕೊಟ್ಟಿರಿ, ನೆನಪು ಮಾಡಿಕೊಳ್ಳಿ. ಮನುಷ್ಯ ಮಲಗಲು ಬಾಡಿಗೆ, ಕಾರು ಮಲಗಲು ಪುಕ್ಕಟೆ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಎಲ್ಲಕ್ಕೂ ಪುಕ್ಕಟೆ ಜಾಗ ಕೊಡುತ್ತಾ ಹೋದರೆ ಉಳಿಯುವುದು ರಸ್ತೆಯೂ ಅಲ್ಲ, ಊರೂ ಅಲ್ಲ. ಜಪಾನಿನಲ್ಲಿ 1962ರಲ್ಲೇ ಕಾನೂನು ಮಾಡಿದರು: ಕಾರು ಇಡಲು ರಸ್ತೆ ಬಿಟ್ಟು ಬೇರೆ ಜಾಗ ಹೊಂದಿಸಿಕೊಳ್ಳುವುದು ಮಾಲೀಕನದೇ ಜವಾಬ್ದಾರಿ. ಅಲ್ಲಿ ಹೆಚ್ಚಿನ ಕಡೆ ಜಾಗ ಇದೆ ಅಂತ ಸರ್ಟಿಫಿಕೇಟ್ ತೋರಿಸದೆ ಕಾರು ನೋಂದಣಿ ಆಗುವುದಿಲ್ಲ. ಬೆಂಗಳೂರಿಗೂ ಪಾರ್ಕಿಂಗ್ ನೀತಿ 2.0 ಅಂತ ಒಂದು ಬಂತು. ರಸ್ತೆಯಲ್ಲಿ ನಿಲ್ಲಿಸಲು ದುಡ್ಡು, ಮನೆ ಮುಂದೆ ನಿಲ್ಲಿಸಲು ಪರ್ಮಿಟ್ ಅಂತೆಲ್ಲ ಅದರಲ್ಲಿ ಬರೆದಿತ್ತು. ನಿಮ್ಮ ಬೀದಿಯಲ್ಲಿ ಪರ್ಮಿಟ್ ಯಾರ ಹತ್ತಿರವಾದರೂ ಇದೆಯಾ ಕೇಳಿ ನೋಡಿ.

ಕಾನೂನು ಇಲ್ಲ ಅಂತಲೂ ಅಲ್ಲ. 1989ರ ರಸ್ತೆ ನಿಯಮಗಳಲ್ಲೇ, ಯೂನಿಫಾರ್ಮ್‌ನಲ್ಲಿರುವ ಪೊಲೀಸರ ಅನುಮತಿ ಇಲ್ಲದೆ ಫುಟ್‌ಪಾತ್ ಮತ್ತು ಸೈಕಲ್ ಟ್ರ್ಯಾಕ್ ಮೇಲೆ ವಾಹನ ಓಡಿಸುವಂತಿಲ್ಲ ಅಂತ ಬರೆದಿತ್ತು. ಓಡಿಸುವಂತಿಲ್ಲ ಅಂದ ಮೇಲೆ ನಿಲ್ಲಿಸುವ ಮಾತೇ ಬರಬಾರದು. ಕಾರು ಹಾರಿಕೊಂಡು ಬಂದು ಕೂರುವುದಿಲ್ಲವಲ್ಲ. ಆದರೆ ಜಾರಿ ಮಾಡುವುದು ಹೇಗೆ ನಡೆಯಿತು ನೋಡಿ. ನಗರದಲ್ಲಿ ಟೋಯಿಂಗ್ ಇತ್ತು. ಖಾಸಗಿ ಗುತ್ತಿಗೆಯ ಹುಡುಗರು ಬೈಕ್‌ಗಳನ್ನು ದರದರ ಎಳೆದು ಲಾರಿಗೆ ಎಸೆಯುತ್ತಿದ್ದರು, ಜಗಳ, ಕೂಗಾಟ, ವಿಡಿಯೊ ವೈರಲ್. 2022ರ ಶುರುವಿನಲ್ಲಿ ಸರ್ಕಾರ ಟೋಯಿಂಗ್ ನಿಲ್ಲಿಸಿತು. ಟೋಯಿಂಗ್‌ನ ದಬ್ಬಾಳಿಕೆ ನಿಲ್ಲಬೇಕಿತ್ತು, ಒಪ್ಪುತ್ತೇನೆ. ಆದರೆ ನೆಗಡಿ ಬಂತು ಅಂತ ಮೂಗು ಕೊಯ್ಯುತ್ತಾರಾ? ಟೋಯಿಂಗ್ ಸರಿಪಡಿಸುವ ಬದಲು ಇಡೀ ಊರಿಗೆ 'ಎಲ್ಲಿ ಬೇಕಾದರೂ ನಿಲ್ಲಿಸಿ' ಅಂತ ಪರ್ಮಿಷನ್ ಕೊಟ್ಟ ಹಾಗಾಯಿತು.

ದಂಡದ ಕಥೆ ಇನ್ನೂ ಚೆನ್ನಾಗಿದೆ. 2023ರ ಫೆಬ್ರವರಿಯಲ್ಲಿ ಬಾಕಿ ಉಳಿದ ಟ್ರಾಫಿಕ್ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಬಂತು. ಆಮೇಲೂ ಬಂತು. ಸೀರೆ ಅಂಗಡಿಯ ಆಷಾಢ ಸೇಲ್ ಥರ, ದಂಡಕ್ಕೂ ಸೇಲ್! ಮೊದಲೇ ಕಟ್ಟಿದವನು ಪೆದ್ದ, ಕಟ್ಟದೆ ಕೂತವನು ಜಾಣ. ಇದನ್ನು ಕಲಿತವನಿಗೆ ಸೈಕಲ್ ಲೇನ್‌ನಲ್ಲಿ ನಿಲ್ಲಿಸಬೇಡ ಅಂದರೆ ಯಾಕೆ ಕೇಳುತ್ತಾನೆ?

ಈಗ ನಮ್ಮ ಬಗ್ಗೆಯೂ ಮಾತಾಡೋಣ. ಇಪ್ಪತ್ತೈದರಿಂದ ನಲವತ್ತರೊಳಗಿನ, ಲ್ಯಾಪ್‌ಟಾಪ್ ಬ್ಯಾಗಿನ, ವಾರಕ್ಕೆ ನಾಲ್ಕು ಸಲ ಊಟ ತರಿಸಿಕೊಳ್ಳುವ ನಾವು. ಕ್ಲೌಡ್ ಕಿಚನ್ ಮುಂದೆ, ಡಾರ್ಕ್ ಸ್ಟೋರ್ ಮುಂದೆ ಸಾಲುಸಾಲಾಗಿ ಬೈಕ್‌ಗಳು ಲೇನ್ ತುಂಬ ನಿಂತಿರುತ್ತವಲ್ಲ, ಅವು ನಮ್ಮ ಆರ್ಡರ್‌ಗಳು. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಹತ್ತು ನಿಮಿಷದಲ್ಲಿ ಮೊಸರು ಬೇಕು ಅಂದವರು ನಾವು, ಹತ್ತು ನಿಮಿಷದಲ್ಲಿ ಕೊಡುತ್ತೇವೆ ಅಂದವರು ಕಂಪನಿಯವರು. ಗೋಡೌನ್‌ಗೆ ಬಾಡಿಗೆ ಕೊಡುವ ಕಂಪನಿ, ತನ್ನ ಐವತ್ತು ಬೈಕ್ ನಿಲ್ಲುವ ಜಾಗವನ್ನು ಮಾತ್ರ ಬೀದಿಯಿಂದ ಪುಕ್ಕಟೆ ತೆಗೆದುಕೊಳ್ಳುತ್ತದೆ. ವ್ಯಾಪಾರಕ್ಕೆ ಲೈಸೆನ್ಸ್ ಕೊಡುವಾಗ 'ನಿನ್ನ ಬೈಕ್‌ಗಳು ಎಲ್ಲಿ ನಿಲ್ಲುತ್ತವೆ, ತೋರಿಸು' ಅಂತ ಕೇಳಲು ಯಾವ ಹೊಸ ಕಾಯ್ದೆಯೂ ಬೇಡ. ಟೆಕ್ ಪಾರ್ಕ್‌ಗಳ ಮುಂದೆ ಶಿಫ್ಟ್ ಬಿಡುವ ಹೊತ್ತಿಗೆ ಕ್ಯಾಬ್‌ಗಳ ಜಾತ್ರೆ ನೋಡಿದ್ದೀರಲ್ಲ. ಒಳಗೆ ಎಕರೆಗಟ್ಟಲೆ ಹುಲ್ಲುಹಾಸು, ನೀರಿನ ಕಾರಂಜಿ, ಹೊರಗೆ ಸೈಕಲ್ ದಾರಿಯಲ್ಲಿ ಕ್ಯಾಬ್. ಸಸ್ಟೇನಬಿಲಿಟಿ ಅಂತ ಸ್ಲೈಡ್ ಹಾಕುವ ನಮ್ಮ ಎಚ್‌ಆರ್‌ನವರಿಗೆ ಈ ಕ್ಯಾಬ್‌ಗಳನ್ನು ಗೇಟಿನೊಳಗೆ ಬಿಟ್ಟುಕೊಳ್ಳಿ ಅಂತ ಒಂದು ಮೇಲ್ ಹಾಕಲು ಐದು ನಿಮಿಷ ಸಾಕು.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆ ದೊಡ್ಡದಲ್ಲ, ಆದರೆ ಬಣ್ಣದ ಡಬ್ಬಿಯಿಂದ ಆಗುವಂಥದ್ದೂ ಅಲ್ಲ.

ಮೊದಲನೆಯದು, ಅಂಚು. ಸೈಕಲ್ ಲೇನ್ ಅಂತ ಕರೆಯುವ ಪ್ರತಿ ಮೀಟರಿಗೂ ಕಾರು ಹತ್ತಲಾಗದಷ್ಟು ಎತ್ತರದ ಕಲ್ಲಿನ ಅಂಚು ಇರಲಿ. ತುದಿಗಳಲ್ಲಿ ಬೈಕ್ ನುಗ್ಗದಂತೆ ಕಬ್ಬಿಣದ ಗೂಟ ಇರಲಿ, ಪ್ಲಾಸ್ಟಿಕ್‌ದು ಬೇಡ. ದುಡ್ಡು ಸಾಲದಿದ್ದರೆ ಹತ್ತು ಕಿಲೋಮೀಟರ್ ಬಣ್ಣದ ಬದಲು ಎರಡೇ ಕಿಲೋಮೀಟರ್ ಕಲ್ಲಿನದು ಮಾಡಿ. ಶಾಲೆಯಿಂದ ಮೆಟ್ರೊ ಸ್ಟೇಷನ್‌ಗೆ, ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಬಸ್ ಸ್ಟ್ಯಾಂಡಿಗೆ ಕೂಡುವ ಎರಡು ಕಿಲೋಮೀಟರ್ ಸಾಕು, ಜನ ಬರುತ್ತಾರೆ.

ಎರಡನೆಯದು, ಆ ಎರಡು ನಿಮಿಷಕ್ಕೆ ಒಂದು ಜಾಗ. ಇಳಿಸುವವರಿಗೆ, ಹತ್ತಿಸುವವರಿಗೆ, ಸಿಲಿಂಡರ್ ಗಾಡಿಗೆ, ಡೆಲಿವರಿಯವರಿಗೆ ಪ್ರತಿ ಅಂಗಡಿ ಸಾಲಿನಲ್ಲೂ ಒಂದೆರಡು ಕಾರಿನಷ್ಟು ಜಾಗ ಗುರುತು ಮಾಡಿ. ಅದನ್ನು ಕಾರಿನ ಪಾರ್ಕಿಂಗ್‌ನಿಂದ ತೆಗೆದುಕೊಳ್ಳಿ, ಸೈಕಲ್ ಲೇನ್‌ನಿಂದಲ್ಲ. ಎರಡು ನಿಮಿಷದವರು ಅಲ್ಲಿ ನಿಲ್ಲಲಿ, ಎರಡು ಗಂಟೆಯವರು ದುಡ್ಡು ಕೊಟ್ಟು ಬೇರೆ ಕಡೆ ನಿಲ್ಲಿಸಲಿ.

ಮೂರನೆಯದು, ಮಾನವಾಗಿ ನಡೆಯುವ ಟೋಯಿಂಗ್ ಮತ್ತು ಸೇಲ್ ಇಲ್ಲದ ದಂಡ. ಗಾಡಿ ಎತ್ತುವಾಗ ಕ್ಯಾಮೆರಾ ಇರಲಿ, ಜೊತೆಗೆ ಪೊಲೀಸರಿರಲಿ, ರಸೀದಿ ಕೊಡಲಿ. ಲೇನ್‌ಗೆ ಅಡ್ಡ ಬಂದ ಸರ್ಕಾರಿ ಜೀಪನ್ನೂ ಎತ್ತಲಿ. ಜಲ್ಲಿ ಸುರಿದವರಿಗೆ, ರಸ್ತೆ ಅಗೆದು ಮುಚ್ಚದವರಿಗೆ ಬಿಲ್ ಕಳಿಸಲಿ.

ಇದನ್ನೆಲ್ಲ ಕೇಳುವುದು ಯಾರನ್ನು ಅನ್ನುವುದು ಇನ್ನೊಂದು ತಲೆನೋವು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಈ ಊರು ವರ್ಷಗಟ್ಟಲೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದೆ ನಡೆದಿದೆ. ಕಾರು ಅಡ್ಡ ನಿಂತಿದೆ ಅಂತ ಟ್ರಾಫಿಕ್ ಪೊಲೀಸರಿಗೆ ಹೇಳಿದರೆ 'ಲೇನ್ ಪಾಲಿಕೆಯದು' ಅಂತಾರೆ, ಪಾಲಿಕೆಗೆ ಹೇಳಿದರೆ 'ವಾಹನ ಪೊಲೀಸರದು' ಅಂತಾರೆ. ಹೀಗಾಗಿ ಪಾಲಿಕೆ ಚುನಾವಣೆಗೆ ವೋಟು ಕೇಳಿಕೊಂಡು ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬರುವವರನ್ನು ಸುಮ್ಮನೆ ಕಳಿಸಬೇಡಿ. ಸಾಮಾನ್ಯವಾಗಿ ಅವರು ಪಾರ್ಕಿಂಗ್ ಸಮಸ್ಯೆ ಬಗೆಹರಿಸುತ್ತೇನೆ ಅಂತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಯಾರ ಪಾರ್ಕಿಂಗ್, ಯಾರ ಜಾಗದಲ್ಲಿ, ಎಷ್ಟು ದುಡ್ಡಿಗೆ ಅಂತ ಕೇಳಿ. ಈ ವಾರ್ಡಿನಲ್ಲಿ ಸೈಕಲ್‌ಗೆ ಎಷ್ಟು ಮೀಟರ್ ಕಲ್ಲಿನ ಅಂಚು ಕಟ್ಟಿಸ್ತೀರಿ ಅಂತ ನಂಬರ್ ಕೇಳಿ, ಬರೆದುಕೊಳ್ಳಿ. ಅದನ್ನು ನಿಮ್ಮ ಪಕ್ಕ ನಿಂತು ಕೇಳಿಸಿಕೊಳ್ಳುವ ಸೆಕ್ಯುರಿಟಿಯವರು ರಾತ್ರಿ ಪಾಳಿ ಮುಗಿಸಿ ಯಾವುದರಲ್ಲಿ ಮನೆಗೆ ಹೋಗುತ್ತಾರೆ ಅಂತ ಅವರನ್ನೂ ಒಂದು ಮಾತು ಕೇಳಿ. ನಿಮ್ಮ ಪ್ರಶ್ನೆಗೆ ಒಂದು ವೋಟು ಜಾಸ್ತಿ ಸಿಗುತ್ತದೆ.

ಅಲ್ಲಿಯವರೆಗೆ, ಬೇಕರಿಗೆ ಎರಡು ನಿಮಿಷದ ಕೆಲಸ ಇದ್ದರೆ ಕಾರನ್ನು ಅಡ್ಡರಸ್ತೆಯಲ್ಲಿ ನಿಲ್ಲಿಸಿ ನಡೆದುಕೊಂಡು ಬನ್ನಿ. ಅದೂ ಎರಡೇ ನಿಮಿಷ.